ಕೂದಲು ಉದುರದ ನಾಯಿ

ಇವತ್ತು ಭಾನುವಾರ ಸಂಜೆ ಸ್ಟೇಷನ್ನಿಗೆ ಹೊರಟು ಘಣಸೋಲಿಯ ನಮ್ಮ ಕಟ್ಟಡದ ಲಿಫ್ಟಿಗೆ ಕಾಲಿಟ್ಟರೆ ನಾಯಿಗೆ ಹಾಕುವ ಶಾಂಪೂವಿನ ವಾಸನೆ. ನಾಯಿ ಇರಲಿಲ್ಲ, ಯಾರೋ ಮೀಯಿಸಿ ಕರೆದೊಯ್ದಿರಬೇಕು. ನಾನು ಹೊರಬಂದು ಏಳು ಮಹಡಿ ಮೆಟ್ಟಿಲಿಳಿದೆ. ಈ ಪ್ರಾಯದ, ಈ ಹೊಟ್ಟೆಯ ಮನುಷ್ಯ ಒಂದು ವಾಸನೆಗೆ ಹೆದರಿದನೆಂದರೆ ನಿಮಗೆ ನಗು ಬಂದೀತು. ನಗಿ, ಆದರೆ ಕಾರಣವನ್ನೂ ಕೇಳಿ.

ಏಳು ವರ್ಷಗಳ ಹಿಂದೆ ಮಗಳು ನಿಶಾಳಿಗೆ ಹನ್ನೊಂದು. ಬೀದಿನಾಯಿಯನ್ನು ಮುಟ್ಟಿದರೂ ಸೀನು, ಕಣ್ಣುರಿ. ಆದರೂ ನಾಯಿ ಬೇಕೆಂಬ ಹಟ. ಗುಂಗುರು ಮೈಯ ಒಂದು ಜಾತಿಯಿದೆ, ಅದರ ಕೂದಲು ಉದುರುವುದಿಲ್ಲ, ಹಾಗಾಗಿ ಅಲರ್ಜಿಯಿಲ್ಲ ಎಂದು ಯಾರೋ ಹೇಳಿದರು. ಮಾರುವವನೂ ಅದನ್ನೇ ಹೇಳಿದ. ಅವನ ಮನೆಯಲ್ಲಿ ಮರಿಯನ್ನು ಹತ್ತು ನಿಮಿಷ ನಿಶಾಳ ಮಡಿಲಲ್ಲಿ ಕೂರಿಸಿದೆವು. ಸೀನಲಿಲ್ಲ. ಆಗಷ್ಟೇ ಶಾಂಪೂ ಹಾಕಿ ಮೀಯಿಸಿದ ಮರಿ ಅದು, ಸೀನು ತರಿಸುವುದೆಲ್ಲ ಸದ್ಯಕ್ಕೆ ತೊಳೆದುಹೋಗಿದೆ ಎಂಬುದು ನನಗೆ ಹೊಳೆಯಲಿಲ್ಲ. ಎಣ್ಣೆಯಲ್ಲಿ ಕರಿದ ಗೋಳಿಬಜೆಯ ಹಾಗೆ ಕಂದಾಗಿ ಉರುಟಾಗಿದೆಯೆಂದು ಅವಳೇ ಅದಕ್ಕೆ ಗೋಳಿ ಎಂದು ಹೆಸರಿಟ್ಟಳು.

ನಾನು ಹೋಟೆಲಿನವ, ಕಲ್ಯಾಣದಲ್ಲಿ. ನಮ್ಮ ಕಸುಬಿನಲ್ಲಿ ದೊಡ್ಡ ಶತ್ರು ಕೂದಲು. ಸಾಂಬಾರಿನಲ್ಲಿ ಒಂದೆಳೆ ಸಿಕ್ಕರೆ ಗಿರಾಕಿ ಹೋದ, ಹೆಸರೂ ಹೋಯಿತು. ವರ್ಷಗಟ್ಟಲೆ ತಟ್ಟೆ, ನೆಲ, ಅಡುಗೆಯವರ ತಲೆ ನೋಡಿ ನನ್ನ ಕಣ್ಣು ಹಾಗೇ ಪಳಗಿದೆ: ಕೂದಲಿಲ್ಲದಿದ್ದರೆ ಚೊಕ್ಕ. ಗೋಳಿ ಮಲಗುವ ಜಾಗವನ್ನು ದಿನಾ ನಾನೇ ಗುಡಿಸುತ್ತಿದ್ದೆ. ಬಿಳಿ ಟೈಲ್ಸಿನ ಮೇಲೆ ಒಂದೆಳೆಯೂ ಇರುತ್ತಿರಲಿಲ್ಲ. ಎರಡು ತಿಂಗಳಾದ ಮೇಲೆ ನಿಶಾ ಕೆಮ್ಮತೊಡಗಿದಳು. ನಾಯಿಯಿಂದಲೇ ಇರಬೇಕೆಂದು ಹೆಂಡತಿ ಹೇಳಿದಾಗ ನಾನು ಕಸದ ಮೊರವನ್ನು ಅವಳ ಮುಂದೆ ಹಿಡಿದೆ. ಇದು ಮಹಾಪೆ ಕಡೆಯ ಕಾರ್ಖಾನೆಗಳ ಧೂಳು ಎಂದು ತೀರ್ಪಿತ್ತು ಕಿಟಕಿಗಳನ್ನೆಲ್ಲ ಮುಚ್ಚಿಸಿದೆ.

"ನನಗೆ ಮೊರ ತೋರಿಸ್ಬೇಡಿ ಮಾರಾಯ್ರೆ, ಡಾಕ್ಟ್ರಿಗೆ ಮಗಳನ್ನ ತೋರಿಸಿ," ಎಂದಳು ಅವಳು.

ಈ ವಾರ ಹೋಗೋಣ ಎಂದೆ. ಹೋಗಲಿಲ್ಲ.

ಒಂದು ಮಧ್ಯಾಹ್ನ ನಿಶಾ ಅಡುಗೆಮನೆಯ ಬಾಗಿಲಲ್ಲಿ ನಿಂತು "ಪಪ್ಪಾ, ಸಾಂಸ್..." ಎಂದಳು. ಉಸಿರು ಎಂದು ಹಿಂದಿಯಲ್ಲಿ ಶುರುವಾದ ವಾಕ್ಯ ಮುಗಿಯಲಿಲ್ಲ. ಪ್ರತಿ ಉಸಿರಿಗೂ ಭುಜ ಮೇಲೇರುತ್ತಿತ್ತು, ಕೊರಳ ಗುಳಿ ಒಳಕ್ಕೆ ಸೆಳೆಯುತ್ತಿತ್ತು. ಎದೆಯೊಳಗಿಂದ ಸಣ್ಣ ಸೀಟಿಯ ಸದ್ದು. ಗೋಳಿ ಅವಳ ಕಾಲು ನೆಕ್ಕುತ್ತಿತ್ತು. ರಿಕ್ಷಾದಲ್ಲಿ ಒಂದು ಸಿಗ್ನಲಿನ ಬಳಿ ಆ ಸೀಟಿ ನಿಂತಿತು. ಅಬ್ಬ, ಕಡಿಮೆಯಾಯಿತು ಎಂದುಕೊಂಡೆ. ಗಾಳಿ ಆಡುವುದೇ ಕಡಿಮೆಯಾದಾಗಲೂ ಸದ್ದು ನಿಲ್ಲುತ್ತದೆಂದು ಆಮೇಲೆ ತಿಳಿಯಿತು. ಆ ಸಿಗ್ನಲಿನಲ್ಲಿ ನಾನು ಸಮಾಧಾನದಿಂದ ಕುಳಿತಿದ್ದೆ; ಅದನ್ನು ಇಂದಿಗೂ ಮರೆಯಲಾಗಿಲ್ಲ.

ಮುಖಕ್ಕೆ ಮಾಸ್ಕು ಹಾಕಿ, ಔಷಧಿಯ ಹೊಗೆ ಕೊಟ್ಟು, ಅವಳು ಮಾತಾಡುವಂತಾದ ಮೇಲೆ ಡಾಕ್ಟರು ನನ್ನನ್ನು ಕರೆದರು. ಧಾರವಾಡ ಕಡೆಯ ಹೆಂಗಸು. ನಾನು ಅಲ್ಲೂ ನನ್ನ ನೆಲದ ವರದಿ ಒಪ್ಪಿಸಿದೆ.

"ಕೂದ್ಲ ಉದುರದಿದ್ರೇನ್ರಿ, ನಾಯಿಗೆ ಚರ್ಮ ಇಲ್ಲೇನು, ಎಂಜಲ ಇಲ್ಲೇನು? ತೊಂದ್ರಿ ಕೊಡೋದು ಅದು. ಅಂಥಾದ್ದಿಲ್ಲದ ಜಾತಿ ಯಾವ್ದೂ ಇಲ್ಲ," ಎಂದರು. ನಿಶಾಳತ್ತ ತಿರುಗಿ, "ನೆಲ ಇಷ್ಟ್ ಚಂದ ನೋಡೀರಿ ಶೆಟ್ರ, ಹುಡುಗಿ ಎದಿಗೆ ಒಮ್ಮೆ ಕಿವಿ ಇಟ್ಟಿದ್ರೇನು?" ಎಂದರು.

ಗೋಳಿಯನ್ನು ಕಲ್ಯಾಣದಲ್ಲಿ ಅಂಗಳವಿರುವ ಭಾವನ ಮನೆಗೆ ಕಳಿಸಿದೆವು. ನಿಶಾ ಒಂಬತ್ತು ದಿನ ನನ್ನೊಡನೆ ಮಾತು ಬಿಟ್ಟಳು. ನಾಯಿ ಹೋದ ಮೇಲೂ ಪರದೆ, ಹಾಸಿಗೆಗಳಿಂದ ಅದರ ಅಂಶ ಹೋಗಲು ತಿಂಗಳುಗಳೇ ಬೇಕಾದವು. ಕಣ್ಣಿಗೆ ಕಾಣದ್ದನ್ನು ತೊಳೆಯುವುದು ಹೇಗೆಂದು ನಾನು ಆಗ ಕಲಿತೆ.

ಈಗ ಅವಳು ಕಾಲೇಜಿನಲ್ಲಿದ್ದಾಳೆ. ಡಾಕ್ಟರು ಒಪ್ಪಿದ ಮೇಲೆ ತಿಂಗಳಿಗೊಂದು ಭಾನುವಾರ ಗೋಳಿಯನ್ನು ನೋಡಲು ಹೋಗುತ್ತಾಳೆ. ಅಂಗಳದಲ್ಲಿ ಮಾತ್ರ, ಅರ್ಧ ಗಂಟೆ. ಅಲ್ಲೇ ಬಟ್ಟೆ ಬದಲಿಸಿ, ದಾರಿಯಲ್ಲಿ ಠಾಣೆ ಸ್ಟೇಷನ್ನಿನಲ್ಲಿ ರೈಲುಗಾಡಿ ಬದಲಿಸಿ ಬರುತ್ತಾಳೆ. ಇವತ್ತೂ ಹಾಗೇ ಘಣಸೋಲಿಯಲ್ಲಿ ಇಳಿದಳು. ನಾನು ಪ್ಲಾಟ್‌ಫಾರ್ಮಿನಲ್ಲಿ ಕಾಯುತ್ತಿದ್ದೆ. ಗಾಡಿಯ ಸದ್ದು ದೂರವಾಗುವವರೆಗೆ ಅವಳೇ ಕಾದು, ನನ್ನ ಕಿವಿಯ ಹತ್ತಿರ ಬಂದು, ಉದ್ದಕ್ಕೆ ಉಸಿರೆಳೆದು ಬಿಟ್ಟಳು.

"ಹೋ ಗಯಾ, ಪಪ್ಪಾ? ಆಯ್ತಾ?"

"ಇನ್ನೊಮ್ಮೆ," ಎಂದೆ, ಕಣ್ಣು ಮುಚ್ಚಿಕೊಂಡು.