ಕೆತ್ತಿದ್ದಲ್ಲ, ತೇಯ್ದದ್ದು

ಗ್ಯೋಟೋಕುವಿನ ನಮ್ಮ ಪಕ್ಕದ ಫ್ಲ್ಯಾಟಿನ ಜಪಾನಿ ಅಜ್ಜಿಗೆ ಒಂದೇ ಆಸೆ: ಹತ್ತಿರದ ಪುಟ್ಟ ಮ್ಯೂಸಿಯಮ್ಮಿನಲ್ಲಿರುವ ಚೀನಾದ ಹಳೆಯ, ಜೇಡ್ ಎಂಬ ಹಸಿರು ಕಲ್ಲಿನ ವಸ್ತುಗಳ ಸಂಗ್ರಹವನ್ನು ವಿದೇಶಿಯರಿಗೆ ಇಂಗ್ಲಿಷಿನಲ್ಲಿ ವಿವರಿಸಬೇಕು. ಅದಕ್ಕೆ ಐದು ನಿಮಿಷ ಮಾತಾಡುವ ಪರೀಕ್ಷೆಯಿದೆ. ಕಳೆದ ವರ್ಷ ಮಾತು ನಡುವೆಯೇ ನಿಂತು ಫೇಲಾಗಿದ್ದರು. ಈ ಸಲ ಪಾಠ ನನ್ನದು. ಕಾನ್ವೆಂಟಿನ ಸಿಸ್ಟರುಗಳು ತಿದ್ದಿದ ನಾಲಿಗೆಯಲ್ಲವೆ, ನನಗೂ ಒಳಗೊಳಗೇ ಜಂಬ.

ಅಜ್ಜಿ ತಮ್ಮ ಮಾತು ಬರೆದುಕೊಂಡ ಚೀಟಿಗಳನ್ನು ಹೂವಿನ ಕರವಸ್ತ್ರದಲ್ಲಿ ಸುತ್ತಿ ತರುತ್ತಿದ್ದರು. ಸತ್ತವರ ನಾಲಿಗೆಯ ಮೇಲಿಡುತ್ತಿದ್ದ ಜೇಡ್ ಜೀರುಂಡೆ, ಜೇಡ್ ಕೂಡಿಡುವ ಹುಚ್ಚು ಹಿಡಿದು ಅದರ ಮೇಲೆ ಪದ್ಯ ಬರೆಸಿದ ಚಕ್ರವರ್ತಿ, ಎಲ್ಲ ಸಲೀಸು. ಕೆತ್ತುವುದಕ್ಕೆ ಇಂಗ್ಲಿಷಿನ ‘ಕಾರ್ವ್’ ಎಂಬಲ್ಲಿ ಮಾತ್ರ ತಡವರಿಕೆ. ಅವರ ಬಾಯಲ್ಲಿ ಅದು ‘ಕಾಬು’.

“ಅಮ್ಮಾ, ಜಪಾನಿಯಲ್ಲಿ ಕಬು ಅಂದ್ರೆ ಟರ್ನಿಪ್ ಗೆಡ್ಡೆ! ಚೈನೀಸ್ ಟರ್ನಿಪ್ ಮ್ಯೂಸಿಯಂ!” ಎಂದು ನನ್ನ ಮಗಳು ಸೋಫಾದ ಮೇಲೆ ಬಿದ್ದು ನಕ್ಕಳು.

ಹತ್ತು ಸಲ ತಿದ್ದಿದೆ. ಹನ್ನೊಂದನೆಯ ಸಲಕ್ಕೆ ಅಜ್ಜಿ ಪೆನ್ಸಿಲ್ ಕೆಳಗಿಟ್ಟರು.

“ಸುಮಿಮಾಸೆನ್, ಸೆನ್ಸೇ. ಕ್ಷಮಿಸಿ ಟೀಚರ್, ಆ ಮಾತೇ ಸುಳ್ಳು. ಜೇಡ್‌ಗೆ ಉಳಿ ನಾಟೋದಿಲ್ಲ. ಮರಳು, ನೀರು ಹಾಕಿ ತಿಂಗಳುಗಟ್ಟಲೆ ಉಜ್ಜಿ ಉಜ್ಜಿ ಸವೆಸ್ತಿದ್ರು. ಕೆತ್ತಿದ್ರು ಅಂತ ಹೇಗೆ ಹೇಳ್ಲಿ? ಹೋದ ವರ್ಷ ನಿಂತಿದ್ದೂ ಇಲ್ಲೇ.”

ನಾನು ಪುಸ್ತಕ ಮುಚ್ಚಿದೆ. ದೇವರ ಗೂಡಿನಿಂದ ಗಂಧದ ಕೊರಡು, ಸಾಣೆಕಲ್ಲು ತಂದು ನೀರು ಚಿಮುಕಿಸಿ, “ಇದಕ್ಕೆ ನಮ್ಮಲ್ಲಿ ತೇಯೋದು ಅಂತೀವಿ” ಎಂದು ತೋರಿಸಿದೆ. ಅಜ್ಜಿಯೂ ತೇಯ್ದರು. ಅಂಗೈ ಮೂಸಿದರು. “ತೇಯು, ತೇಯು” ಎಂದು ಮಗುವಿನಂತೆ ಹೇಳಿಕೊಂಡರು. ಇಂಗ್ಲಿಷಿಗೆ ‘ಗ್ರೈಂಡ್’ ಸಾಕೆಂದು ಇಬ್ಬರೂ ಒಪ್ಪಿದೆವು. ಅಂದಿನಿಂದ ಐದು ನಿಮಿಷದ ಮಾತು ಎಲ್ಲೂ ನಿಲ್ಲಲಿಲ್ಲ.

ಪರೀಕ್ಷೆಯ ದಿನ ನಾನು ಮ್ಯೂಸಿಯಮ್ಮಿನಲ್ಲಿ ಪರೀಕ್ಷೆಯ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ಒಳಗಿನಿಂದ ನಗು ಕೇಳಿಸಿತು. ಮತ್ತೆ ‘ಕಾಬು’ ಅಂದರೇನೋ ಎಂದು ಎದ್ದು ನಿಂತೆ. ಬಾಗಿಲು ತೆರೆದುಕೊಂಡು ಬಂದ ಅಜ್ಜಿ ಎರಡೂ ಕೈಗಳನ್ನು ತಲೆಯ ಮೇಲೆ ದುಂಡಗೆ ಕೂಡಿಸಿದರು. ಪಾಸ್!

“ಎಲ್ಲರೂ ಕಾರ್ವ್ ಅಂತಾರೆ, ನೀವ್ಯಾಕೆ ಅನ್ನಲಿಲ್ಲ ಅಂತ ಕೇಳಿದ್ರು.”

“ನೀವೇನಂದ್ರಿ?”

“ನಮ್ಮ ಟೀಚರ್ ತುಂಬ ಸ್ಟ್ರಿಕ್ಟು, ಆ ಪದ ಹೇಳೋಕೇ ಬಿಡೋಲ್ಲ ಅಂದೆ!”

ನಾನು ನಾಚಿಕೆಯಿಂದ ಮುಖ ಮುಚ್ಚಿಕೊಂಡು ನಕ್ಕೆ. ಅಜ್ಜಿ ಹೊಸ ಬ್ಯಾಡ್ಜನ್ನು ನೇರಮಾಡಿಕೊಂಡು, ನಡು ಬಾಗಿಸಿ, ಜೇಡ್ ಕೋಣೆಯತ್ತ ಕೈ ತೋರಿಸಿದರು.

“ಬನ್ನಿ ಬನ್ನಿ. ನನ್ನ ಮೊದಲ ವಿದೇಶಿ ನೀವೇ.”