ನಡುಗಡ್ಡೆಯ ಮೂತಿಹುಳುಗಳ ಪುಟ್ಟಮಾದಪ್ಪ

"ಲೇ ಪುಟ್ಟಮಾದ, ಏಳ್ಲಾ ಮ್ಯಾಲಕ್ಕೆ! ಶಿವನ ವಾರದಲ್ಲೂ ಜೀವ ತಗ್ಯೋ ಕೈ ಅದು. ನಮ್ ಪಂಕ್ತೀಲಿ ಅನ್ನ ಕಲಸಂಗಿಲ್ಲ. ಕೊಟ್ಟಿಗೆ ತಾವ ಓಗಿ ಕೂತ್ಕೊ!"

ಹೊನ್ನೂರಿನ ಮದುವೆ ಮನೆ. ಎಲೆಗೆ ಪಾಯಸ ಬಿದ್ದಾಗಿತ್ತು. ಕೂಗಿದವರು ಮನೆಯ ಹಿರೀಕ ಶಿವನಂಜಯ್ಯನವರು. ಕೂಗಿಸಿಕೊಂಡವನು ಮದುಮಗಳ ಸೋದರಮಾವ. ಸಾಲಿನಲ್ಲಿ ಯಾರೋ ಕಿಸಕ್ಕೆಂದರು: "ಉಳಾನ ಬಾಟ್ಲೀಲಿ ಉಪ್ಪಿನಕಾಯಿ ಆಕ್ತನಂತೆ ಕಣ್ಲಾ!" ಬಡಿಸುತ್ತಿದ್ದ ಅವನ ಅಕ್ಕ, ಮದುಮಗಳ ತಾಯಿ ವೀರಮ್ಮನ ಸೌಟು ನಿಂತಲ್ಲೇ ನಿಂತಿತು. ಪುಟ್ಟಮಾದಪ್ಪ ಎಲೆ ಎತ್ತಿಕೊಂಡು ಹೋಗಿ, ದನಗಳ ನಡುವೆ ಕೂತು ಉಂಡ.

ಕೊಳ್ಳೇಗಾಲದ ಆಚೆ, ಕಾವೇರಿಯ ನಡುಗಡ್ಡೆಯಲ್ಲಿ ಬೆಳಕು ಹರಿಯುವಾಗಲೇ ಅವನ ಕೆಲಸ ಶುರು. ಗಿಡದ ಕೆಳಗೆ ಕೊಡೆ ಮಗುಚಿ ಹಿಡಿದು ಕೊಂಬೆಗೆ ಕೋಲಿನಿಂದ ಒಂದೇಟು. ತರಗು, ಇರುವೆಗಳ ಜೊತೆ ಕರೀ ಕಾಳಿನಂಥವು ಉದುರುತ್ತವೆ. ಕಾಳಲ್ಲ, ಆನೆಯ ಹಾಗೆ ಸೊಂಡಿಲು ಚಾಚಿದ ಮೂತಿಹುಳುಗಳು.

"ಸತ್ತಂಗೆ ಬಿದ್ಕತ್ತವೆ ಸಾ. ನಾನೂ ಅಲ್ಲಾಡ್ದೆ ಕೂತ್ಕತ್ತೀನಿ, ಯಾರು ಮೊದ್ಲು ಸೋಲ್ತೀವಿ ನೋಡನ ಅಂತ. ಇಲ್ಲಿ ಆಟಕ್ಕೆ ಬ್ಯಾರೆ ಯಾರವ್ರೆ?" ಎನ್ನುತ್ತಾನೆ, ನೋಡಲು ಬಂದವರಿಗೆ.

ಸಾವಿರದ ಒಂಬೈನೂರ ಅರವತ್ತೈದನೇ ಇಸವಿಯಲ್ಲಿ ಸರ್ಕಾರದ ಕೀಟ ಸಮೀಕ್ಷೆಗೆ ದಿನಗೂಲಿಯಾಗಿ ಸೇರಿದವನು. ಅಂದಿನಿಂದ ಗಡ್ಡೆಯ ಗುಡಿಸಲಿನಲ್ಲಿ ಒಬ್ಬನೇ. ಹಿಡಿದರೆ ಮುಗಿಯಲಿಲ್ಲ, ಕುಲವಾರು ಬೇರೆ ಮಾಡಬೇಕು. ಮೂತಿ ಮೋಟೋ ಉದ್ದವೋ, ಮೀಸೆ ಮೂಡುವುದು ಮೂತಿಯ ತುದಿಯಲ್ಲೋ ನಡುವಿನಲ್ಲೋ, ಮೂತಿ ಮಡಚಿಡಲು ಎದೆಯಡಿ ತೋಡು ಇದೆಯೋ, ತೊಡೆಯಲ್ಲಿ ಹಲ್ಲಿನಂಥ ಮುಳ್ಳಿದೆಯೋ. ಭೂತಗನ್ನಡಿ ಹಿಡಿದು ನೋಡಿ ನೋಡಿ ಕಣ್ಣಲ್ಲಿ ನೀರು ಸುರಿಯುತ್ತದೆ.

ಅವನ ಮನೆತನದಲ್ಲಿ ಶಿವನ ವಾರವಾದ ಸೋಮವಾರ ಒಲೆಗಿಡುವ ಸೌದೆಯನ್ನೂ ಕೊಡವಿ, ಇರುವೆ ಇಲ್ಲವೆಂದು ನೋಡಿಯೇ ಇಡುವುದು. ಹಾಗಾಗಿ ಆ ದಿನ ಹಿಡಿದವನ್ನು ಸ್ಪಿರಿಟ್ಟಿನ ಬಾಟಲಿಗೆ ಹಾಕದೆ, ಮಂಗಳವಾರದವರೆಗೆ ಒಂದೇ ಡಬ್ಬಿಯಲ್ಲಿ ಜೀವಂತ ಇಡುತ್ತಿದ್ದ. ಇರುಕಿನಲ್ಲಿ ತುಳಿದಾಡಿ ಅವು ಕಾಲು, ಮೀಸೆ ಮುರಿದುಕೊಂಡವು. ತೊಡೆಯೇ ಇಲ್ಲದ ಹುಳುವಿನ ಕುಲ ಹೇಳುವುದು ಹೇಗೆ? ಸೋಮವಾರಗಳ ದುಡಿಮೆಯೆಲ್ಲ ಕಸವಾಯಿತು.

"ನಿನ್ನ ವ್ರತ ಮನೇಲಿಟ್ಕೊಳಯ್ಯ. ಸೋಮವಾರಾನೂ ಬಾಟಲಿಗೆ ಹಾಕು, ಇಲ್ಲಾ ಕೆಲಸ ಬಿಡು" ಎಂದರು ಕೊಳ್ಳೇಗಾಲದ ಸಾಹೇಬರು. ಮುಂದಿನ ಸೋಮವಾರ ಹಾಕಿದ. ಹರಿಗೋಲಿನವನು ಕಂಡ. ಸುದ್ದಿ ಹೊನ್ನೂರು ಮುಟ್ಟಿತು.

ಜೀವದಯೆಯಂತೆ! ಅವತ್ತು ಶಿವನಂಜಯ್ಯನವರು ಹೊದ್ದಿದ್ದ ರೇಷ್ಮೆ ಶಲ್ಯಕ್ಕೆ ಎಷ್ಟು ಗೂಡು ಕುದಿನೀರಿಗೆ ಬಿದ್ದಿದ್ದವು? ಗೂಡಿನೊಳಗಿನ ಹುಳು ಸೋಮವಾರವೂ ಬೇಯುತ್ತದೆ. ಪಂಕ್ತಿಯಲ್ಲಿ ಒಬ್ಬನಿಗೂ ಅದನ್ನು ಕೇಳುವ ನಾಲಿಗೆ ಇರಲಿಲ್ಲ. ಪುಟ್ಟಮಾದಪ್ಪನಿಗೆ ಹೊಳೆಯದೆ ಇರಲಿಲ್ಲ.

"ಅಂಗಂದಿದ್ರೆ ಮದ್ವೆ ಮನೆ ಕೆಡ್ತಿತ್ತು ಸಾ. ಎತ್ತಿ ಆಡ್ಸಿದ ಮಗಾ ಅದು."

ಆಸೆ ಏನೆಂದು ಕೇಳಿದರೆ ಗಡ್ಡೆಯ ಉದ್ದಕ್ಕೂ ಕಣ್ಣಾಡಿಸುತ್ತಾನೆ: "ಇಲ್ಲಿರೋ ಮೂತಿಹುಳ ಎಲ್ಲಾವ್ನೂ ಒಂದ್ಸಲ ಕಾಣ್ಬೇಕು. ಯಾರೂ ಕಾಣ್ದೆ ಇರೋದು ಒಂದಾದ್ರೂ ಇದ್ದೇ ಇರ್ತದೆ."

ಈ ಬೆಳಿಗ್ಗೆ ಹರಿಗೋಲಿನಲ್ಲಿ ವೀರಮ್ಮ ಬಂದಿದ್ದಾಳೆ. ಹಿಂದೆಯೇ ಅವಳ ಭಾವ ಶಿವನಂಜಯ್ಯನವರು.

"ಮಗಳು ಬಸುರಿ ಕಣ್ಲಾ. ಬರೋ ತಿಂಗಳು ಸೀಮಂತ. ಈ ಕೆಲ್ಸ ಬುಟ್ಟೆ ಅಂತ ಇಬೂತಿ ಮುಟ್ಟಿ ಯೋಳು, ನನ್ ಪಕ್ಕದಲ್ಲೇ ಎಲೆ ಆಕುಸ್ತೀನಿ. ಇಲ್ಲಾಂದ್ರೆ ನಮ್ ಅಟ್ಟಿ ಬಾಗ್ಲು ತುಳೀಬ್ಯಾಡ."

"ಊಂ ಅನ್ನಪ್ಪ ಮಾದ. ನಂಗಿನ್ಯಾರವ್ರೆ?" ವೀರಮ್ಮ ವಿಭೂತಿ ಗಟ್ಟಿ ಚಾಚುತ್ತಾಳೆ.

ಪುಟ್ಟಮಾದಪ್ಪ ವಿಭೂತಿ ಮುಟ್ಟುವುದಿಲ್ಲ. ಬಗ್ಗಿ ಅಕ್ಕನ ಪಾದ ಮುಟ್ಟುತ್ತಾನೆ.

"ಏನ್ಲಾ ಅಂಗಂದ್ರೆ? ಬಾಯ್ಬುಟ್ಟು ಯೋಳ್ಲಾ!" ಶಿವನಂಜಯ್ಯನವರು ಗದರುತ್ತಾರೆ.

ಅವನು ಕೊಡೆ, ಕೋಲು ಎತ್ತಿಕೊಂಡು ಹೊಂಗೆ ಮರಗಳ ಕಡೆ ನಡೆದುಬಿಡುತ್ತಾನೆ.