ದೇವರಿಗೆ ಕೊಟ್ಟ ಜವಾರಿ ಕೋಳಿ

ಭಾನುವಾರ, ನವೆಂಬರ್ ಹದಿನಾರು. ಬೆಳಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷ. ಹೊಸಪೇಟೆಯ ನಮ್ಮ ಚರ್ಚಿನ ಹಿಂದೆ, ಬೇವಿನ ಮರದ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಒಳಗೆ ಸುಗ್ಗಿ ಹಬ್ಬದ ಹರಾಜು ನಡೆದಿದೆ. ಒಬ್ಬ ಹುಡುಗ ಒಂದು ಬಾಳೆಗೊನೆಯ ಬಗ್ಗೆ ಮೈಕಿನಲ್ಲಿ ಕ್ರಿಕೆಟ್ ಕಾಮೆಂಟರಿಯವರ ಹಾಗೆ ಅರಚುತ್ತಿದ್ದಾನೆ. ಗೊನೆ ಕೊಂಡವರ ಫೋಟೊ ತೆಗೆಯಲು ಇನ್ನೊಬ್ಬ ನಿಂತಿದ್ದಾನೆ. ಫೋಟೊ ಬೀಳುವವರೆಗೆ ಗೊನೆ ಹಿಡಿದು ನಗುವುದು, ಆಮೇಲೆ ಅದನ್ನು ಡ್ರೈವರ್ ಕೈಗೆ ಕೊಡುವುದು. ನೋಡಲಾಗದೆ ಎದ್ದು ಬಂದೆ.

ಇಪ್ಪತ್ತು ವರ್ಷದ ಹಿಂದೆ, ನಾನು ಐದನೇ ಕ್ಲಾಸಿನಲ್ಲಿದ್ದ ದಿನಗಳಲ್ಲಿ ನಮ್ಮ ಊರಿಗೆ ಒಂದೇ ಬಣ್ಣವಿತ್ತು. ಸಂಡೂರಿನಿಂದ ಅದಿರು ತುಂಬಿಕೊಂಡು ಬರುವ ಲಾರಿಗಳು ರಸ್ತೆ, ಬೇಲಿ, ಒಣಗಲು ಹಾಕಿದ ಬಟ್ಟೆ, ಕಡೆಗೆ ಮೊಸರಿನ ಕೆನೆಗೂ ಕೆಂಪು ಬಳಿದು ಹೋಗುತ್ತಿದ್ದವು. ಆ ಧೂಳು ಕೆಲವರ ಮನೆಗೆ ಮಾರ್ಬಲ್ ನೆಲವಾಗಿ ಬಂತು, ಮಿಕ್ಕವರ ಮನೆಗೆ ಕೆಮ್ಮಾಗಿ ಬಂತು.

ನಾನು ಆಗಲೇ ಎಲ್ಲವನ್ನೂ ಪಟ್ಟಿ ಮಾಡುವ ಹುಡುಗಿ. ಸುಗ್ಗಿ ಹಬ್ಬಕ್ಕೆ ಯಾರ ಮನೆಯಿಂದ ಏನು ಬಂತೆಂದು ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಗೆರೆ ಎಳೆದು ಬರೆಯುತ್ತಿದ್ದೆ. ಕಂಪ್ಲಿಯ ಕಡೆಯವರು ಭತ್ತದ ತೆನೆ, ಕಬ್ಬು, ಹೊಸ ಬೆಲ್ಲದ ಅಚ್ಚು ತರುತ್ತಿದ್ದರು. ಮರಿಯಮ್ಮನಹಳ್ಳಿಯವರು ಶೇಂಗಾ ತರುತ್ತಿದ್ದರು. ಎಲ್ಲವನ್ನೂ ವೇದಿಕೆಯ ಮುಂದೆ ಒಟ್ಟಿದರೆ ಚರ್ಚಿನೊಳಗೆ ಹಸಿ ಕೊತ್ತಂಬರಿ ಮತ್ತು ಬೆಲ್ಲ ಸೇರಿದ ಒಂದು ವಾಸನೆ. ಆರಾಧನೆ ಮುಗಿದ ಮೇಲೆ ಅವುಗಳ ಹರಾಜು. ಬಂದ ಹಣ ಚರ್ಚಿನ ಸಭೆಗೆ.

ನನ್ನ ಗೆಳತಿ ಸಾಲೊಮಿಗೆ ಹೊಲವಿರಲಿಲ್ಲ. ಅವಳ ತಾಯಿ ಮಾರ್ತಮ್ಮ ಗಾದಿಗನೂರಿನ ಹತ್ತಿರ ಅದಿರು ಒಡೆಯುವ ಕೂಲಿಗೆ ಹೋಗುತ್ತಿದ್ದಳು. ಭಾನುವಾರ ಇಬ್ಬರೂ ಬಸ್ಸಿನಲ್ಲಿ ಚರ್ಚಿಗೆ ಬರುವರು. ಸಾಲೊಮಿ ಲಂಗದ ಜೇಬಿನಲ್ಲಿ ಅದಿರಿನ ಐದು ಹರಳು ತರುತ್ತಿದ್ದಳು. ಇದೇ ಕಟ್ಟೆಯ ಮೇಲೆ ಕಲ್ಲಾಟ ಆಡುತ್ತಿದ್ದೆವು. ಆ ಹರಳು ಬೇರೆ ಕಲ್ಲಿಗಿಂತ ಭಾರ. ಮೇಲೆ ಎಸೆದರೆ ಜಲ್ದಿ ಕೆಳಗೆ ಬಂದಂತೆ ಅನ್ನಿಸುತ್ತಿತ್ತು, ಆ ಭಾರ ಕೈಗೆ ಪಳಗಿದ್ದ ಅವಳೇ ಯಾವಾಗಲೂ ಗೆಲ್ಲುತ್ತಿದ್ದಳು.

ಅವರ ಬೆಳೆ ಎಂದರೆ ಒಂದು ಜವಾರಿ ಕೋಳಿ, ಕರಿ ಮೈ, ಬಿಳಿ ಚುಕ್ಕಿ. ಅದರ ಮೊಟ್ಟೆ ಮಾರಿದ ದುಡ್ಡಿನಲ್ಲೇ ಬಸ್ಸಿನ ಟಿಕೆಟ್ಟು, ಸಾಲೊಮಿಯ ಪೆನ್ಸಿಲ್ಲು. ನಾನು ಮನೆಯ ಡಬ್ಬಿಯಿಂದ ಜೋಳ ಕಟ್ಟಿಕೊಂಡು ಹೋಗಿ ಕೊಡುತ್ತಿದ್ದೆ. ಅದಕ್ಕೆ ಬದಲಾಗಿ ಒಂದೊಂದು ಭಾನುವಾರ ಬೇಯಿಸಿದ ಮೊಟ್ಟೆ ಬರುತ್ತಿತ್ತು. ಇಬ್ಬರೂ ಅರ್ಧರ್ಧ. ದಾರದಿಂದ ಕೊಯ್ಯುವವಳು ಅವಳು, ಮೊದಲು ಆರಿಸಿಕೊಳ್ಳುವವಳು ನಾನು.

ಸುಗ್ಗಿ ಹಬ್ಬಕ್ಕೆ ಮಾರ್ತಮ್ಮ ಆ ಕೋಳಿಯ ಕಾಲಿಗೆ ಕೆಂಪು ರಿಬ್ಬನ್ ಕಟ್ಟಿ, ಬುಟ್ಟಿಯಲ್ಲಿಟ್ಟು ತರುತ್ತಿದ್ದಳು. ಪ್ರತಿ ವರ್ಷವೂ ಅದೇ ಕೋಳಿ. ಅದು ಹೇಗೆಂದರೆ, ನಮ್ಮ ಸಭೆಯಲ್ಲಿ ಯಾರೂ ಎಲ್ಲೂ ಬರೆದಿಡದ ಒಂದು ಪದ್ಧತಿಯಿತ್ತು. ಇಲ್ಲದವರ ಮನೆಯ ವಸ್ತು ಹರಾಜಿಗೆ ಬಂದಾಗ ಆ ಮನೆಯವರೇ ಹತ್ತು ರೂಪಾಯಿ ಎನ್ನುತ್ತಿದ್ದರು. ತಕ್ಷಣ ಇಡೀ ಸಭೆ ತಲೆಯೆತ್ತಿ ಮಾಡಿನ ತೊಲೆಗಳನ್ನು ನೋಡುತ್ತಿತ್ತು. ಹರಾಜು ಕೂಗುವ ಸಮುವೇಲ ತಾತ ಒಂದು ಸಲ, ಎರಡು ಸಲ, ಮೂರು ಸಲ ಎಂಬುದನ್ನು ಒಂದೇ ಉಸಿರಿಗೆ ಮುಗಿಸಿಬಿಡುತ್ತಿದ್ದ. ಕೋಳಿ ದೇವರಿಗೂ ಸಲ್ಲುತ್ತಿತ್ತು, ಬುಟ್ಟಿಗೂ ಮರಳುತ್ತಿತ್ತು.

ಒಮ್ಮೆ ಅಮ್ಮನನ್ನು ಕೇಳಿದ್ದೆ, “ಎಲ್ಲಾರೂ ಮ್ಯಾಲ್ಯಾಕ ನೋಡ್ತಾರ?”

“ಹಲ್ಲಿ ಐತಿ. ನೀನೂ ನೋಡು.”

ನಾನೂ ನೋಡಿದೆ. ಹಲ್ಲಿ ಇರಲಿಲ್ಲ.

ಐದನೇ ಕ್ಲಾಸಿನ ಆ ವರ್ಷ ಮುಂದಿನ ಸಾಲಿನಲ್ಲಿ ಹೊಸದೊಂದು ಕುಷನ್ ಕುರ್ಚಿ ಬಂತು. ಅದರ ಮೇಲೆ ಪ್ರಸನ್ನಕುಮಾರ್ ಕಾಂಟ್ರಾಕ್ಟರ್ ಬಂದರು. ಅದಿರು ಸಾಗಿಸುವ ಲಾರಿಗಳ ಮಾಲೀಕರು. ಚರ್ಚಿಗೆ ಎರಡು ಸ್ಪೀಕರ್ ಕೊಟ್ಟಿದ್ದರು. ಒಂದೊಂದರ ಮೇಲೂ ‘ಕರ್ತನ ಮಹಿಮೆಗಾಗಿ’ ಎಂದು ಸಣ್ಣ ಅಕ್ಷರದಲ್ಲಿ, ಅವರ ಹೆಸರು ದಪ್ಪ ಅಕ್ಷರದಲ್ಲಿ. ಯಾರ ಹೆಗಲ ಮೇಲಾದರೂ ಕೈ ಹಾಕಿ, “ನಾವೆಲ್ಲ ಫ್ರೆಂಡ್ಸ್ ರೀ, ಕರ್ತನಲ್ಲಿ ಫ್ರೆಂಡ್ಸ್” ಎನ್ನುವುದು ಅವರ ಅಭ್ಯಾಸ. ಯಾವ ಫ್ರೆಂಡಿನ ಹೆಸರೂ ಅವರಿಗೆ ನೆನಪಿರುತ್ತಿರಲಿಲ್ಲ.

ಮಾರ್ತಮ್ಮನ ಕೋಳಿ ಬಂತು. “ಹತ್ತು ರೂಪಾಯ್ರಿ,” ಎಂದಳು ಅವಳು. ಎಲ್ಲರ ತಲೆ ಮೇಲೆ ಹೋಯಿತು.

“ಐನೂರು!” ಕುಷನ್ ಕುರ್ಚಿಯಿಂದ ಧ್ವನಿ.

ತಾತ ಬಗ್ಗಿ ಹೇಳಿದ, “ಅಣ್ಣಾರ, ಇದು ಮಾರ್ತಮ್ಮನ ಕೋಳಿ ರೀ.”

“ಗೊತ್ತೈತಿ ತಾತಾ. ಬಡವ್ರ ಕಾಣಿಕಿಗೆ ರೇಟ್ ಬ್ಯಾಡೇನು? ಸಾವಿರ ಅಂತ ಬರ್ಕೊ!”

ಎದುರಾಳಿ ಯಾರೂ ಇರಲಿಲ್ಲ. ತಮ್ಮ ಮಾತಿನ ಮೇಲೆ ತಾವೇ ಏರಿಸಿಕೊಂಡರು. ಮಾರ್ತಮ್ಮ ಸೆರಗಿನ ಗಂಟು ಮುಟ್ಟಿ ನೋಡಿಕೊಂಡು, “ಹದಿನೈದು,” ಎಂದಳು.

ಸಭೆ ನಕ್ಕಿತು. ವರ್ಷಗಟ್ಟಲೆ ಮಾಡು ನೋಡಿದ ತಲೆಗಳೆಲ್ಲ ಕೆಳಗಿಳಿದು, ಅವಳ ಕಡೆ ತಿರುಗಿ ನಕ್ಕವು. ತಾತ ಹರಾಜಿನ ಕೂಗು ಮುಂದುವರಿಸಲಿಲ್ಲ. ಮೂರು ಸಲ ಎಂದು ಕಾಂಟ್ರಾಕ್ಟರೇ ಕೂಗಿಕೊಂಡರು. ಚಪ್ಪಾಳೆ ಬಿತ್ತು. ಅರ್ಧ ಗಂಟೆ ಮೊದಲು ಬಡವರ ಕಾಣಿಕೆಯ ಮೇಲೆ ಪ್ರಸಂಗ ಮಾಡಿದ್ದ ಸಭಾಪಾಲಕರು, ನಮ್ಮ ಅಯ್ಯನವರೂ ಚಪ್ಪಾಳೆ ತಟ್ಟಿದರು.

ಮಾರ್ತಮ್ಮನಿಗೆ ಮಾತ್ರ ಅನುಮಾನವೇ ಬರಲಿಲ್ಲ. ಖಾಲಿ ಬುಟ್ಟಿ ಮಡಿಲಲ್ಲಿಟ್ಟುಕೊಂಡು ಚರ್ಚಿನ ಗೇಟಿನ ಹತ್ತಿರ ಕೂತಳು. “ದೊಡ್ಡ ಮನಸಿನ ಮನಿಷಾ ಅದಾನ. ಚಪ್ಪಾಳಿ ಆತಲ್ಲ, ಇನ್ನ ವಾಪಸ್ ಕೊಡ್ತಾನ. ಸಂಡೇ ಸ್ಕೂಲ್ ಮಕ್ಕಳಿಗೆ ಅವ್ರ ಮನ್ಯಾಗ ಊಟ ಅಂತಲ್ಲ, ನೀವಿಬ್ರೂ ಹೋಗ್ರಿ. ಬರೂ ಮುಂದ ಕೋಳಿ ಇಸ್ಕೊಂಡು ಬರ್ರಿ.”

ಹರಾಜೆಲ್ಲ ಮುಗಿದ ಮೇಲೆ, ಮಧ್ಯಾಹ್ನ ಹೋದೆವು. ಮಹಡಿಯ ಮೇಲೆ ನೀಲಿ ಶಾಮಿಯಾನ, ಎಲೆಗಳ ಸಾಲು, ತುಪ್ಪ ಮತ್ತು ಮಸಾಲೆಯ ವಾಸನೆ. ಕೈ ತೊಳೆಯುವ ನಲ್ಲಿಗೆ ಕೆಂಪು ರಿಬ್ಬನ್ ಒಂದು ಒದ್ದೆಯಾಗಿ ಅಂಟಿತ್ತು. ಸಾಲೊಮಿ ಅದನ್ನು ತೆಗೆದು ಹಿಂಡಿದಳು. ನೇರವಾಗಿ ಅಯ್ಯನವರ, ಚರ್ಚ್ ಕಮಿಟಿಯವರ ಪಂಕ್ತಿಯ ಕಡೆ ನಡೆದಳು.

“ನಮ್ಮ ಕೋಳಿ ಎಲ್ಲೈತ್ರೀ?”

ಕಾಂಟ್ರಾಕ್ಟರ್ ಸಣ್ಣ ಪಾತ್ರೆಯೊಂದನ್ನು ಎತ್ತಿ ತೋರಿಸಿ ನಕ್ಕರು. “ಇಲ್ಲೇ ಐತಲ್ಲ ಪಾಪೂ! ಆಶೀರ್ವಾದದ ಕೋಳಿ, ಎಲ್ಲಾರಿಗೂ ಒಂದೊಂದು ಪೀಸು.”

ಅವಳು ಅಳಲಿಲ್ಲ. ಅಯ್ಯನವರ ಪಕ್ಕದ ಖಾಲಿ ಎಲೆಯ ಮುಂದೆ ಕೂತಳು. “ಹಂಗಾರ ನನಗ ಹಾಕ್ರಿ.”

ತಿಂದಳು. “ಇನ್ನಾ ಹಾಕ್ರಿ.”

ಬಡಿಸುವ ಹೆಂಗಸು ಯಜಮಾನರ ಮುಖ ನೋಡಿದಳು. “ಹಾಕವ್ವ, ಹಾಕು. ಪಾಪ, ಹಸಿದೈತಿ,” ಎಂದರು ಅವರು. ಸಾಲೊಮಿ ಅದನ್ನೂ ತಿಂದು, ಎಲುಬು ಎಲೆಯ ಅಂಚಿಗೆ ಜೋಡಿಸಿ, “ಇನ್ನಾ ಹಾಕ್ರಿ,” ಎಂದಳು. ಈಗ ಕಾಂಟ್ರಾಕ್ಟರ ನಗು ಸ್ವಲ್ಪ ಸಣ್ಣದಾಗಿತ್ತು.

“ಅಯ್ಯನೋರಿಗೂ ಉಳಸಬೇಕಲ್ಲ ಪಾಪೂ?”

“ಅಯ್ಯನೋರು ಇದಕ್ಕ ಕಾಳು ಹಾಕ್ಯಾರೇನ್ರಿ?”

ಮೇಲೆ ನೋಡಲು ತೊಲೆ ಇರಲಿಲ್ಲ. ಅಷ್ಟು ಜನ ದೊಡ್ಡವರು, ಬೈಬಲನ್ನು ಕಂಕುಳಲ್ಲಿ ಇಟ್ಟುಕೊಂಡು ಓಡಾಡುವವರು, ಒಂದು ಹುಡುಗಿಯ ಮುಖ ನೋಡಲಾರದೆ ತಮ್ಮ ಅನ್ನವನ್ನೇ ಕೆದಕುತ್ತ ಕೂತರು. ಒಬ್ಬರಾದರೂ ಎದ್ದು, ಎಲೆ ಬಿಟ್ಟು ಹೋಗಬಹುದಿತ್ತು. ಮಟನ್ ಇನ್ನೂ ಬರುವುದಿತ್ತು.

ಅಷ್ಟರಲ್ಲಿ ನನ್ನ ಎಲೆಗೂ ಆ ಕೋಳಿಯ ಒಂದು ತುಂಡು ಬಿದ್ದಿತ್ತು. ಎದ್ದು ಹೋಗಿ ಅವಳ ಎಲೆಗೆ ಹಾಕಿದೆ. ಅವಳು ಅದನ್ನು ವಾಪಸ್ ನನ್ನ ಕೈಯಲ್ಲಿಟ್ಟಳು.

“ನೀ ತಿನ್ನಬೇ ಸುನಿ. ನೀ ಕಾಳು ಹಾಕೀಯಲ್ಲ.”

ತಿಂದೆ. ನಿಂತೇ ತಿಂದೆ. ಕಣ್ಣೀರು ಮೂಗಿನ ಪಕ್ಕದಿಂದ ಬಾಯಿಗೆ ಇಳಿಯುತ್ತಿತ್ತು. ನಾನು ಇದುವರೆಗೆ ಎಷ್ಟೋ ಸಲ ಕರ್ತನ ಭೋಜನ ಸಂಸ್ಕಾರದಲ್ಲಿ ಮೊಣಕಾಲೂರಿ ರೊಟ್ಟಿ ತೆಗೆದುಕೊಂಡಿದ್ದೇನೆ. ಒಂದು ಮೇಜಿಗೆ ಸೇರಿದವಳು ಎಂದು ನನಗೆ ಖಾತ್ರಿಯಾಗಿ ಅನ್ನಿಸಿದ್ದು ಅವತ್ತು ಮಾತ್ರ.

ಗೇಟಿನ ಹತ್ತಿರ ಮಾರ್ತಮ್ಮ ಹಾಗೆಯೇ ಕೂತಿದ್ದಳು. ಸಾಲೊಮಿ ರಿಬ್ಬನ್ ಕೊಟ್ಟಳು. ತಾಯಿ ಅದನ್ನು ಒಂದು ಸಲ ನೋಡಿದಳು, ಬುಟ್ಟಿಯನ್ನು ತಲೆಯ ಮೇಲೆ ಬೋರಲು ಹಾಕಿಕೊಂಡಳು, ಮಗಳ ಕೈ ಹಿಡಿದು ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ಮುಂದಿನ ಭಾನುವಾರ ಅವರು ಬರಲಿಲ್ಲ. ಬರಲು ಟಿಕೆಟ್ಟಿಗೆ ಮೊಟ್ಟೆ ಇರಲಿಲ್ಲ ಎಂಬುದು ಕಮಿಟಿಯ ಒಬ್ಬರಿಗೂ ಹೊಳೆಯಲಿಲ್ಲ. “ನಂಬಿಕಿ ಕಮ್ಮಿ ಆಗೇತಿ,” ಎಂದು ತೀರ್ಮಾನಿಸಿ ಮುಂದಿನ ವಿಷಯಕ್ಕೆ ಹೋದರು. ಆಮೇಲೆ ಯಾರೋ, ತಾಯಿ ಮಗಳು ಕಂಪ್ಲಿ ಕಡೆ ಭತ್ತದ ಗದ್ದೆ ಕೆಲಸಕ್ಕೆ ಹೋದರು ಎಂದರು. ಸಮುವೇಲ ತಾತ ಮತ್ತೆ ಹರಾಜು ಕೂಗಲಿಲ್ಲ.

ಈಗ ಚರ್ಚಿನ ಮಾಡು ಕಾಂಕ್ರೀಟಿನದು. ಕೆಳಗೆ ಪ್ಲಾಸ್ಟರಿನ ಸೀಲಿಂಗು, ಅದರಲ್ಲಿ ಸಾಲು ದೀಪ. ಇಲ್ಲದವರು ಏನೂ ತರುವುದಿಲ್ಲ. ಹಿಂದಿನ ಬೆಂಚಿನಲ್ಲಿ ಕೂತು, ಇದ್ದವರು ಒಬ್ಬರ ಕುಂಬಳಕಾಯಿಯನ್ನು ಇನ್ನೊಬ್ಬರು ಕೊಳ್ಳುವುದನ್ನು ನೋಡಿ ಹೋಗುತ್ತಾರೆ. ನನ್ನ ದಿನಚರಿಯಲ್ಲಿ ಬಂದ ವಸ್ತುಗಳ ಪಟ್ಟಿ ವರ್ಷದಿಂದ ವರ್ಷಕ್ಕೆ ಉದ್ದವಾಗಿದೆ, ತಂದ ಮನೆಗಳ ಪಟ್ಟಿ ಗಿಡ್ಡವಾಗಿದೆ. ನಾಚಿಕೆ ಮುಚ್ಚಲು ಒಟ್ಟಿಗೆ ತಲೆಯೆತ್ತುವ ಜನ ಮಾತ್ರ ಯಾವ ಪಟ್ಟಿಯಲ್ಲೂ ಇಲ್ಲ.

ಓದುವವರಲ್ಲಿ ಒಂದು ವಿನಂತಿ. ನಿಮ್ಮ ಸಭೆಯಲ್ಲೂ ಜನ ಹೀಗೆ ಇಲ್ಲದ ಹಲ್ಲಿಯನ್ನು ನೋಡುತ್ತಿದ್ದರೇ? ಈ ಪದ್ಧತಿಯನ್ನು ಯಾರು ಶುರು ಮಾಡಿದರೆಂದು ನಿಮ್ಮ ಮನೆಯ ಹಿರಿಯರಿಗೆ ಗೊತ್ತೇ? ಕಂಪ್ಲಿಯ ಆಸುಪಾಸಿನಲ್ಲಿ ಸಾಲೊಮಿ ಎಂಬವಳನ್ನು ಕಂಡವರಿದ್ದೀರಾ? ಈಗ ನನ್ನದೇ ವಯಸ್ಸು, ಕಲ್ಲಾಟದಲ್ಲಿ ಸೋಲುವವಳಲ್ಲ. ತಿಳಿದಷ್ಟು ದಯವಿಟ್ಟು ಬರೆಯಿರಿ. ಕಾಂಟ್ರಾಕ್ಟರ್ ಸಾಹೇಬರು ಈಗ ಹೇಗಿದ್ದಾರೆ ಎಂಬುದನ್ನು ಯಾರೂ ಬರೆಯುವುದು ಬೇಡ.